ಆರು ಸಾವಿರ ಸಾಲಿನ ಶೆಲ್, ಒಂದೇ ಫೈಲು: ಎಲ್ಲಿಂದ ಬಿಡಿಸೋದು?

ನಂತೂರು ಸರ್ಕಲ್ · ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಊಟ ಆದ ಮೇಲೆ ಓದಿ.

ನಾಲ್ಕು ವರ್ಷದ ಹಿಂದೆ ಕೊನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ನಾವು ಮೂವರು ಸೇರಿ ಸಿ ಭಾಷೆಯಲ್ಲಿ ಒಂದು ಕಮಾಂಡ್ ಲೈನ್ ಶೆಲ್ (ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ) ಬರೆದಿದ್ದೆವು. ಮಾರ್ಕು ಬಂತು, ಮರೆತೆವು. ಕಳೆದ ವರ್ಷ ಸುಮ್ನೆ ಅದನ್ನು ಓಪನ್ ಸೋರ್ಸ್ ಮಾಡಿ ಹಾಕಿದೆ. ಈಗ ನಾಲ್ಕೈದು ಜನ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುತ್ತಾರೆ. ಹೆಸರು ಇನ್ನೂ ಇಟ್ಟಿಲ್ಲ. ಶೆಲ್ ಅಂದರೆ ಚಿಪ್ಪು ತಾನೇ, ಮರುವಾಯಿ ಅಂತ ಇಡುವ ಎಂದು ಒಬ್ಬ ಹೇಳಿದ. ಅಲ್ಲಿಂದ ಮಾತು ಮರುವಾಯಿ ಸುಕ್ಕದ ಅಡುಗೆಯ ಕಡೆಗೆ ಹೋಯಿತು, ಹೆಸರು ಅಲ್ಲಿಗೇ ನಿಂತಿತು.

ಇವತ್ತು ಬಿಜೈಯ ನಮ್ಮ ಮನೆಗೆ ಹೊಸ ಹುಡುಗನೊಬ್ಬ ಬಂದಿದ್ದ. ಸೆಕೆಂಡ್ ಇಯರ್. "ಅಣ್ಣ, ಪೈಪ್ ಮಾಡೋ ಕೋಡ್ ಎಲ್ಲಿದೆ?" ಅಂತ ಕೇಳಿದ. ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ದಾಟಿಸುವ ಕೋಡ್ ಅದು. ನಾನೇ ಬರೆದದ್ದು. ಹುಡುಕಲಿಕ್ಕೆ ಕಾಲು ಗಂಟೆ ಬೇಕಾಯಿತು. ಸಿಕ್ಕಿದ್ದು ಎಲ್ಲಿ ಗೊತ್ತಾ? ಹಿಸ್ಟರಿ ಉಳಿಸುವ ಫಂಕ್ಷನ್ನಿನ ಕೆಳಗೆ, "ಇದನ್ನು ಮುಟ್ಟಬೇಡಿ" ಅನ್ನುವ ಕಾಮೆಂಟಿನ ಜೊತೆಗೆ. ಯಾಕೆ ಮುಟ್ಟಬಾರದು ಅಂತ ನನಗೂ ನೆನಪಿಲ್ಲ.

ಒಟ್ಟು 6,000 ಸಾಲು, ಒಂದೇ ಫೈಲು. ಡಾಕ್ಯುಮೆಂಟೇಷನ್ ಅಂದರೆ ರೀಡ್‌ಮಿಯಲ್ಲಿ ಎರಡು ಸಾಲು: ಮೇಕ್ ಕೊಡಿ, ಓಡಿಸಿ. ಒಮ್ಮೆ ಒಡೆಯಲು ನೋಡಿದೆ. ಸ್ಟ್ರಕ್ಟ್‌ಗಳೆಲ್ಲ ಒಂದು ಫೈಲು, ಸ್ಟ್ರಿಂಗ್ ಕೆಲಸ ಒಂದು ಫೈಲು, ಉಳಿದದ್ದೆಲ್ಲ ಯುಟಿಲ್ಸ್. ಎರಡು ವಾರದಲ್ಲಿ ಯುಟಿಲ್ಸ್ ಒಂದೇ 2,000 ಸಾಲಾಯಿತು. ವಾಪಸ್ ಮೊದಲಿನ ಹಾಗೇ ಮಾಡಿಟ್ಟೆ.

ಹೇಗೆ ಒಡೆಯಬೇಕು? ಏನನ್ನು ಬರೆದಿಡಬೇಕು? ಕಾಮೆಂಟು ಕನ್ನಡದಲ್ಲಾ, ಇಂಗ್ಲಿಷಿನಲ್ಲಾ? ಅನುಭವ ಇದ್ದವರು ಹೇಳಿ.

ಗೋಳಿಬಜೆ · ಭಾನುವಾರ, ರಾತ್ರಿ 10:52

ಯುಟಿಲ್ಸ್ ಅಂದರೆ ನಮ್ಮ ಮನೆಯ ಅಟ್ಟ. ಹಳೇ ರೇಡಿಯೋ, ಮುರಿದ ತೊಟ್ಟಿಲು, ಅಜ್ಜನ ಕೊಡೆ, ಎಲ್ಲ ಅಲ್ಲೇ. ರಸ್ಟ್‌ನಲ್ಲಿ ಹೊಸದಾಗಿ ಬರೆದುಬಿಡಿ ಮಾರಾಯ್ರೆ. ಹೇಗೂ ಕಡಲ ಬದಿಯಲ್ಲಿ ಎಲ್ಲದಕ್ಕೂ ತಾನಾಗಿಯೇ ರಸ್ಟ್ ಹಿಡಿಯುತ್ತದೆ.

ಹಳೇ ಕೀಬೋರ್ಡ್ · ಭಾನುವಾರ, ರಾತ್ರಿ 11:35

@ಗೋಳಿಬಜೆ, ಫಿಶ್ ಶೆಲ್‌ನವರು ಅದನ್ನೇ ಮಾಡಿದರು. 2023ರಲ್ಲಿ ಶುರು, ಸಿ ಪ್ಲಸ್ ಪ್ಲಸ್‌ನಿಂದ ರಸ್ಟ್‌ಗೆ. ಹಾಗೆ ಬಂದ 4.0 ಹೊರಬಿದ್ದದ್ದು 2025ರಲ್ಲಿ. ಅವರೂ ತುಂಡು ತುಂಡಾಗಿಯೇ ಬದಲಾಯಿಸಿದ್ದು. ಒಂದೇ ಮುದ್ದೆಯಾಗಿರುವ ಕೋಡಿನಲ್ಲಿ ತುಂಡು ಎಲ್ಲಿಂದ ತರುತ್ತೀರಿ?

ತಮ್ಮಾ ನಂತೂರು, ಮೊದಲು ಒಂದು ಸಮಾಧಾನ. ಫೈಲು ದೊಡ್ಡದಾಗಿರುವುದೇ ತಪ್ಪಲ್ಲ. ಬ್ಯಾಷ್‌ನಲ್ಲಿ (ಅದೂ ಒಂದು ಶೆಲ್ಲೇ) ವೇರಿಯಬಲ್ ಬಿಡಿಸುವ, ಅಂದರೆ ಹೆಸರಿನ ಜಾಗದಲ್ಲಿ ಅದರೊಳಗಿರುವುದನ್ನು ಇಡುವ ಕೆಲಸಕ್ಕೆ ಇರುವ ಸಬ್‌ಸ್ಟ್ ಡಾಟ್ ಸಿ ಒಂದೇ 10,000 ಸಾಲು ದಾಟಿದೆ. ಆದರೆ ಅದರಲ್ಲಿ ಏನಿದೆ ಅಂತ ಹೆಸರು ನೋಡಿದರೆ ಗೊತ್ತಾಗುತ್ತದೆ. ನಿಮ್ಮದರಲ್ಲಿ ಗೊತ್ತಾಗುವುದಿಲ್ಲ. ತೊಂದರೆ ಇಷ್ಟೇ.

ನೀವು ಒಡೆದದ್ದು ಸಾಮಾನಿನ ಜಾತಿ ನೋಡಿ: ಸ್ಟ್ರಕ್ಟು ಒಂದು ಕಡೆ, ಸ್ಟ್ರಿಂಗು ಒಂದು ಕಡೆ. ಶೆಲ್ಲಿಗೆ ಅದು ಹೊಂದುವುದಿಲ್ಲ. ಶೆಲ್ ಅಂದರೆ ಒಂದು ಸಾಲು ಮಾಡುವ ಪ್ರಯಾಣ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ ಹತ್ತಿದರೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಆಮೇಲೆ ಉಡುಪಿ. ಕಾಪುವಿನ ನಂತರ ಮೂಲ್ಕಿ ಬರುವುದಿಲ್ಲ. ಹಾಗೇ ಟೈಪ್ ಮಾಡಿದ ಸಾಲಿಗೂ ಸ್ಟಾಪುಗಳುಂಟು. ಓದುವುದು, ಟೋಕನ್ ಮಾಡುವುದು (ಪದ ಪದವಾಗಿ ತುಂಡರಿಸುವುದು), ಪಾರ್ಸ್ ಮಾಡುವುದು (ವಾಕ್ಯದ ರಚನೆ ಹಿಡಿಯುವುದು), ಬಿಡಿಸುವುದು, ರೀಡೈರೆಕ್ಷನ್ (ಇನ್‌ಪುಟ್ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸುವುದು), ಓಡಿಸುವುದು, ಕಾಯುವುದು. ಒಂದೊಂದು ಸ್ಟಾಪಿಗೆ ಒಂದು ಫೈಲು.

ಡ್ಯಾಷ್ ಶೆಲ್‌ನ ಸೋರ್ಸ್ ತೆರೆದು ನೋಡಿ. ಇನ್‌ಪುಟ್, ಪಾರ್ಸರ್, ಎಕ್ಸ್‌ಪ್ಯಾಂಡ್, ಇವ್ಯಾಲ್, ರೀಡಿರ್, ಜಾಬ್ಸ್, ಟ್ರ್ಯಾಪ್. ಫೈಲುಗಳ ಹೆಸರು ಓದಿದರೇ ಅರ್ಧ ದಾರಿ ಕಾಣುತ್ತದೆ. ಅದೇ ಫೋಲ್ಡರಿನಲ್ಲಿ ಟೂರ್ ಅನ್ನುವ ಒಂದು ಸಾದಾ ಟೆಕ್ಸ್ಟ್ ಫೈಲೂ ಉಂಟು. ಡ್ಯಾಷ್‌ನ ಮೂಲ 1989ರ ಆ್ಯಷ್, ಬರೆದದ್ದು ಕೆನೆತ್ ಆಲ್ಮ್‌ಕ್ವಿಸ್ಟ್. ಕೋಡಿನೊಳಗೆ ಓದುಗರನ್ನು ಕೈಹಿಡಿದು ಕರೆದುಕೊಂಡು ಹೋಗುವ ಬರಹ ಆ ಟೂರ್. ನನಗೆ ಜಾಸ್ತಿ ಇಷ್ಟವಾದದ್ದು ಅದರ ತಲೆಯ ಮೇಲಿರುವ ಎಚ್ಚರಿಕೆ: ಇದು ಹಳೆಯದು, ಈಗಿನ ಕೋಡು ಹೀಗಿಲ್ಲ, ಆದರೂ ರಚನೆ ತಿಳಿಯಲು ಸಹಾಯವಾಗುತ್ತದೆಂದು ಇಟ್ಟಿದ್ದೇವೆ. ಡಾಕ್ಯುಮೆಂಟು ಹಳೆಯದಾದರೆ ಹಳೆಯದು ಅಂತ ಬರೆಯಲಿಕ್ಕೂ ಧೈರ್ಯ ಬೇಕಲ್ವಾ.

ಫೈಲು ಒಡೆಯುವ ಮೊದಲು ನೀವೂ ಅಂಥದ್ದೊಂದು ಬರೆಯಿರಿ. ಒಂದೇ ಒಂದು ಸಾಲು ತೆಗೆದುಕೊಳ್ಳಿ. ಅದು ಎಲ್ಲಿ ಹೋಗುತ್ತದೆ, ಯಾವ ಫಂಕ್ಷನ್ ಹಿಡಿಯುತ್ತದೆ, ಎಲ್ಲಿಗೆ ದಾಟಿಸುತ್ತದೆ. ಎರಡು ಪುಟ ಸಾಕು. ಬರೆಯಲಾಗದೆ ಎಲ್ಲಿ ತಡವರಿಸುತ್ತೀರೋ ಅಲ್ಲೇ ಕೋಡು ಗೋಜಲಾಗಿದೆ ಅಂತ ತಿಳಿಯಿರಿ.

ನಂತೂರು ಸರ್ಕಲ್ · ಸೋಮವಾರ, ಬೆಳಿಗ್ಗೆ 8:05

ಧನ್ಯವಾದ ಸರ್. ರಾತ್ರಿಯೇ ಕೂತು ಬರೆದೆ. ತಡವರಿಸಿದ್ದು "ಬಿಡಿಸುವುದು" ಅನ್ನುವಲ್ಲಿ. ನಮ್ಮಲ್ಲಿ ಅದು ಮೂರು ಕಡೆ ಆಗುತ್ತದೆ. ಡಾಲರ್ ಚಿಹ್ನೆ ಟೋಕನ್ ಮಾಡುವಾಗಲೇ, ನಕ್ಷತ್ರ ಓಡಿಸುವ ಮೊದಲು, ತರಂಗ ಚಿಹ್ನೆ (~) ಫೋಲ್ಡರ್ ಬದಲಾಯಿಸುವ ಸಿಡಿ ಕಮಾಂಡಿನ ಒಳಗೆ ಮಾತ್ರ!

ಹಳೇ ಕೀಬೋರ್ಡ್ · ಸೋಮವಾರ, ಬೆಳಿಗ್ಗೆ 8:40

ಅಂದುಕೊಂಡೆ. ಎಲ್ಲರ ಮೊದಲ ಶೆಲ್ಲೂ ಹಾಗೇ.

ಕ್ರಮವನ್ನು ಪೋಸಿಕ್ಸ್ (ಯುನಿಕ್ಸ್ ತರಹದ ಸಿಸ್ಟಮ್‌ಗಳಿಗೆಲ್ಲ ಇರುವ ಸ್ಟ್ಯಾಂಡರ್ಡ್) ಹೇಳಿಬಿಟ್ಟಿದೆ. ಮೊದಲು ತರಂಗ ಚಿಹ್ನೆ, ವೇರಿಯಬಲ್, ಕಮಾಂಡಿನ ಔಟ್‌ಪುಟ್, ಲೆಕ್ಕ, ಇವನ್ನು ಎಡದಿಂದ ಬಲಕ್ಕೆ ಬಿಡಿಸಬೇಕು. ಆಮೇಲೆ ಸಿಕ್ಕಿದ್ದನ್ನು ಖಾಲಿ ಜಾಗದಲ್ಲಿ ಒಡೆಯಬೇಕು. ಆಮೇಲೆ ನಕ್ಷತ್ರ, ಪ್ರಶ್ನೆ ಚಿಹ್ನೆಗೆ ಫೈಲ್ ಹೆಸರು ಹುಡುಕಬೇಕು. ಕೊನೆಗೆ ಉದ್ಧರಣ ಚಿಹ್ನೆ ತೆಗೆಯಬೇಕು. ಇದನ್ನು ಎಕ್ಸ್‌ಪ್ಯಾಂಡ್ ಫೈಲಿನ ತಲೆಯಲ್ಲಿ ಕಾಮೆಂಟಾಗಿ ಬರೆಯಿರಿ. ಕ್ರಮ ಯಾಕೆ ಮುಖ್ಯ ಅಂತ ಒಂದು ಉದಾಹರಣೆಯನ್ನೂ ಕೊಡಿ.

ಎಫ್ ಅನ್ನುವ ವೇರಿಯಬಲ್ಲಿನಲ್ಲಿ "ಮಲ್ಪೆ ಫೋಟೋ" ಅನ್ನುವ ಫೈಲ್ ಹೆಸರಿದೆ ಅಂದುಕೊಳ್ಳಿ. ಉದ್ಧರಣ ಚಿಹ್ನೆ ಇಲ್ಲದೆ ಅಳಿಸುವ ಕಮಾಂಡ್ ಕೊಟ್ಟರೆ ಶೆಲ್ "ಮಲ್ಪೆ" ಒಂದು ಫೈಲು, "ಫೋಟೋ" ಇನ್ನೊಂದು ಫೈಲು ಅಂತ ಎರಡು ಕೊಡುತ್ತದೆ. ಅಳಿಸಬೇಕಾದದ್ದು ಉಳಿಯುತ್ತದೆ. ಆ ಹೆಸರಿನ ಬೇರೆ ಫೈಲು ಇದ್ದರೆ ಅದು ಹೋಗುತ್ತದೆ. ಆದರೆ ಝಡ್‌ಎಸ್‌ಎಚ್ ಅನ್ನುವ ಶೆಲ್ ಹಾಗೆ ಒಡೆಯುವುದಿಲ್ಲ. ಅವರು ಬೇಕೆಂದೇ ಮಾಡಿದ್ದು. ನೀವು ಯಾವುದನ್ನು ಆರಿಸಿದ್ದೀರಿ ಅನ್ನುವುದು ಕೋಡು ನೋಡಿ ಊಹಿಸುವ ಹಾಗಿರಬಾರದು.

ಮಣಿಪಾಲ ಮಳೆ · ಸೋಮವಾರ, ಮಧ್ಯಾಹ್ನ 1:20

ಲಂಚ್ ಬ್ರೇಕಿನಲ್ಲಿ ಬರೆಯುತ್ತಿದ್ದೇನೆ, ಹೊರಗೆ ಮಳೆ ಕುಟ್ಟುತ್ತಿದೆ. ಅಣ್ಣ ಹೇಳಿದ್ದು ಕೋಡು ಓದುವವರ ಬಗ್ಗೆ. ನಾನು ಶೆಲ್ ಬಳಸುವವರ ಬಗ್ಗೆ ಹೇಳುತ್ತೇನೆ.

ನಮ್ಮ ಆಫೀಸಿನಲ್ಲಿ ಒಂದು ಟೂಲ್ ಇತ್ತು. ಅದರ ಒಂದು ಆಪ್ಷನ್ನಿನ ಅರ್ಥವನ್ನು ನಾನೇ ತಿರುಗಿಸಿದೆ. ಮೊದಲು "ಕೇಳಿ ಅಳಿಸು", ಆಮೇಲೆ "ಕೇಳದೆ ಅಳಿಸು". ಹೆಲ್ಪ್ ಬೇರೆ ಫೋಲ್ಡರಿನಲ್ಲಿತ್ತು, ತಿದ್ದಲು ಮರೆತೆ. ಒಬ್ಬರು ಹೆಲ್ಪ್ ಓದಿ, ನಂಬಿ, ಒತ್ತಿದರು. ಎರಡು ದಿನದ ಕೆಲಸ ಹೋಯಿತು. ಅವರು ನನಗೆ ಬೈಯಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು.

ಬ್ಯಾಷ್‌ನಲ್ಲಿ ಇದಕ್ಕೊಂದು ಚಂದದ ಉಪಾಯ ಉಂಟು. ಬಿಲ್ಟಿನ್ಸ್ (ಶೆಲ್ಲಿನೊಳಗೇ ಇರುವ ಕಮಾಂಡುಗಳು) ಅನ್ನುವ ಫೋಲ್ಡರಿನಲ್ಲಿ ಸಿಡಿ ಡಾಟ್ ಡೆಫ್, ಎಕೋ ಡಾಟ್ ಡೆಫ್ ಅಂತ ಫೈಲುಗಳಿವೆ. ಒಂದೇ ಫೈಲಿನಲ್ಲಿ ಮೇಲೆ ಕಮಾಂಡಿನ ಹೆಸರು, ಅದರ ಕೆಳಗೆ ಹೆಲ್ಪ್‌ನ ಮಾತುಗಳು, ಅದರ ಕೆಳಗೆ ಸಿ ಕೋಡು. ಬಿಲ್ಡ್ ಮಾಡುವಾಗ ಎಂಕೆಬಿಲ್ಟಿನ್ಸ್ ಅನ್ನುವ ಪುಟ್ಟ ಪ್ರೋಗ್ರಾಂ ಎರಡನ್ನೂ ಬೇರೆ ಮಾಡುತ್ತದೆ. ನೀವು ಬ್ಯಾಷ್‌ನಲ್ಲಿ ಹೆಲ್ಪ್ ಸಿಡಿ ಅಂತ ಕೊಟ್ಟಾಗ ಬರುವುದು ಆ ಫೈಲಿನ ಮಾತೇ. ಕೋಡು ತಿದ್ದುವವರ ಕಣ್ಣೆದುರೇ ಹೆಲ್ಪ್ ಇರುತ್ತದೆ. ಮರೆಯಬೇಕೆಂದರೂ ಸುಲಭವಲ್ಲ.

ನಿಮ್ಮಲ್ಲಿ ಬಿಲ್ಟಿನ್ ಎಷ್ಟಿವೆ?

ನಂತೂರು ಸರ್ಕಲ್ · ಸೋಮವಾರ, ಸಂಜೆ 6:15

14 ಅಕ್ಕ. ಅಷ್ಟಕ್ಕೆ ಎಂಕೆಬಿಲ್ಟಿನ್ಸ್ ತರಹದ್ದೆಲ್ಲ ಬೇಕಾ? ಅದೂ ಅಲ್ಲದೆ ಸಿಡಿ ವಿಷಯದಲ್ಲೇ ಕಳೆದ ತಿಂಗಳು ಒಬ್ಬ "ಶೆಲ್ ಹಗುರ ಮಾಡಿದ್ದೇನೆ" ಅಂತ ಪ್ಯಾಚ್ ಕಳಿಸಿದ. ನೋಡಿದರೆ ಸಿಡಿಯನ್ನು ಹೊರಗಿನ ಬೇರೆ ಪ್ರೋಗ್ರಾಂ ಮಾಡಿದ್ದಾನೆ.

ಮಣಿಪಾಲ ಮಳೆ · ಸೋಮವಾರ, ಸಂಜೆ 6:50

14ಕ್ಕೆ ಪ್ರೋಗ್ರಾಂ ಬೇಡ. ಒಂದೊಂದು ಬಿಲ್ಟಿನ್ನಿಗೆ ಒಂದು ಫೈಲು, ಹೆಲ್ಪನ್ನು ಅದರ ತಲೆಯಲ್ಲೇ ಒಂದು ಸ್ಟ್ರಿಂಗ್ ಮಾಡಿ, ಒಂದು ಟೇಬಲ್ಲಿನಲ್ಲಿ ಹೆಸರು, ಫಂಕ್ಷನ್, ಹೆಲ್ಪ್ ಮೂರನ್ನೂ ಕಟ್ಟಿಬಿಡಿ. ಹೆಲ್ಪ್ ಇಲ್ಲದ ಬಿಲ್ಟಿನ್ ಸಿಕ್ಕರೆ ಟೆಸ್ಟ್ ಫೇಲ್ ಆಗಲಿ.

ಆ ಹುಡುಗನಿಗೆ ಬೈಯಬೇಡಿ. ತಪ್ಪು ಅವನದಲ್ಲ. ಹೊರಗಿನ ಪ್ರೋಗ್ರಾಂ ಓಡುವುದು ಫೋರ್ಕ್ ಆದ, ಅಂದರೆ ಶೆಲ್ಲಿನ ನಕಲಾಗಿ ಹುಟ್ಟಿದ ಮಗು ಪ್ರೋಸೆಸ್ಸಿನಲ್ಲಿ. ಮಗು ಫೋಲ್ಡರ್ ಬದಲಾಯಿಸಿ ಸಾಯುತ್ತದೆ, ತಾಯಿ ಶೆಲ್ ಇದ್ದಲ್ಲೇ ಇರುತ್ತದೆ. ಈ ಎರಡು ಸಾಲು ಸಿಡಿಯ ಫೈಲಿನ ತಲೆಯಲ್ಲಿ ಇದ್ದಿದ್ದರೆ ಅವನ ಒಂದು ಭಾನುವಾರ ಉಳಿಯುತ್ತಿತ್ತು.

ಸುರತ್ಕಲ್ ಲೈಟ್‌ಹೌಸ್ · ಸೋಮವಾರ, ರಾತ್ರಿ 9:30

ಅಕ್ಕ ಹೇಳಿದ "ಯಾಕೆ" ಅನ್ನುವ ಕಾಮೆಂಟಿನ ಬಗ್ಗೆ ನನ್ನದೂ ಒಂದು ಕತೆ. ಬರೆಯಲಿಕ್ಕೆ ನಾಚಿಕೆಯೇ.

ನಾನು ಒಂದು ಸಣ್ಣ ಶೆಲ್ಲಿನಲ್ಲಿ ಕ್ಲೀನಿಂಗ್ ಮಾಡುತ್ತಿದ್ದೆ. ಫೋರ್ಕ್ ಆದ ಮೇಲೆ ಮಗುವಿನಲ್ಲೂ ಸೆಟ್‌ಪಿಜಿಐಡಿ, ತಾಯಿಯಲ್ಲೂ ಅದೇ ಸೆಟ್‌ಪಿಜಿಐಡಿ. ಪ್ರೋಸೆಸ್ಸನ್ನು ಒಂದು ಗುಂಪಿಗೆ ಸೇರಿಸುವ ಕರೆ ಅದು. ಎರಡು ಸಲ ಒಂದೇ ಕೆಲಸ ಎಂತಕ್ಕೆ? ಒಂದನ್ನು ತೆಗೆದೆ. ಟೆಸ್ಟೆಲ್ಲ ಪಾಸು. ಖುಷಿಯಿಂದ ಸೇರಿಸಿದೆ. ಎರಡು ವಾರದ ನಂತರ ಒಬ್ಬರು, ಕೆಲವೊಮ್ಮೆ ಎಡಿಟರ್ ತೆರೆದ ಕೂಡಲೇ ತಾನಾಗಿ ನಿಂತುಬಿಡುತ್ತದೆ ಅಂದರು. ಕೆಲವೊಮ್ಮೆ! ನನ್ನ ಲ್ಯಾಪ್‌ಟಾಪಿನಲ್ಲಿ ಐವತ್ತು ಸಲ ಮಾಡಿದರೂ ಬರಲಿಲ್ಲ.

ಕಾರಣ ಹೀಗೆ. ಫೋರ್ಕ್ ಆದ ಮೇಲೆ ತಾಯಿ ಮೊದಲು ಓಡುತ್ತದೋ ಮಗು ಮೊದಲು ಓಡುತ್ತದೋ ಹೇಳಲಾಗುವುದಿಲ್ಲ. ನಾನು ಉಳಿಸಿದ್ದು ತಾಯಿಯದ್ದನ್ನು. ಮಗು ಮುಂದೆ ಓಡಿದರೆ ಅದಿನ್ನೂ ಹೊಸ ಗುಂಪಿಗೆ ಸೇರಿರುವುದಿಲ್ಲ, ಟರ್ಮಿನಲ್ಲೂ ಕೈಗೆ ಬಂದಿರುವುದಿಲ್ಲ. ಎಕ್ಸೆಕ್ (ಮಗು ಹೊಸ ಪ್ರೋಗ್ರಾಂ ಆಗಿ ಬದಲಾಗುವುದು) ಬೇರೆ ಆಗಿಹೋದರೆ ಆಮೇಲೆ ತಾಯಿ ಗುಂಪು ಬದಲಾಯಿಸಲು ಹೋದಾಗ ಕರ್ನಲ್ ಬಿಡುವುದಿಲ್ಲ. ಮಗುವಿನದ್ದನ್ನು ಮಾತ್ರ ಉಳಿಸಿದ್ದರೆ ಇನ್ನೊಂದು ಬದಿಯಿಂದ ಇದೇ ಕತೆ: ತಾಯಿ ಇನ್ನೂ ಹುಟ್ಟದ ಗುಂಪಿಗೆ ಟರ್ಮಿನಲ್ ಕೊಡಲು ಹೋಗುತ್ತದೆ. ಅದಕ್ಕೇ ಇಬ್ಬರೂ ಮಾಡಬೇಕು. ಯಾರು ಮೊದಲು ತಲುಪಿದರೂ ಕೆಲಸ ಆಗಿರುತ್ತದೆ.

ಇದನ್ನು ಯಾರಾದರೂ ಮೂರು ಸಾಲಿನಲ್ಲಿ ಅಲ್ಲಿ ಬರೆದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಅಲ್ಲಿದ್ದ ಕಾಮೆಂಟು: "ಪ್ರೋಸೆಸ್ ಗ್ರೂಪ್ ಹೊಂದಿಸು." ಅದು ಫಂಕ್ಷನ್ನಿನ ಹೆಸರಲ್ಲೇ ಇದೆಯಲ್ಲ ಮಾರಾಯ್ರೆ!

ನಿಮ್ಮ "ಮುಟ್ಟಬೇಡಿ" ಯಾವುದು ಅಂತ ನನಗೆ ಅಂದಾಜುಂಟು. ಪೈಪಿನ ಬರೆಯುವ ತುದಿಯನ್ನು ತಾಯಿಯಲ್ಲಿ ಮುಚ್ಚುವ ಸಾಲಾ?

ನಂತೂರು ಸರ್ಕಲ್ · ಸೋಮವಾರ, ರಾತ್ರಿ 9:44

ಹೌದು!! ಹೇಗೆ ಗೊತ್ತಾಯಿತು?

ಸುರತ್ಕಲ್ ಲೈಟ್‌ಹೌಸ್ · ಸೋಮವಾರ, ರಾತ್ರಿ 9:58

ಎಲ್ಲರೂ ಬೀಳುವ ಗುಂಡಿ ಅದು. ಬರೆಯುವ ತುದಿ ಎಲ್ಲಾದರೂ ಒಂದು ತೆರೆದಿದ್ದರೂ ಓದುವವನಿಗೆ "ಮುಗಿಯಿತು" ಅಂತ ತಿಳಿಯುವುದಿಲ್ಲ. ಓದುತ್ತಿರುವ ಸಾರ್ಟ್ ಕಮಾಂಡ್ ಕಾಯುತ್ತಾ ಕೂತಿರುತ್ತದೆ, ಶೆಲ್ ಸಾರ್ಟ್ ಮುಗಿಯಲಿ ಅಂತ ಕಾಯುತ್ತಾ ಕೂತಿರುತ್ತದೆ, ನೀವು ಎರಡನ್ನೂ ನೋಡುತ್ತಾ ಕೂತಿರುತ್ತೀರಿ. "ಮುಟ್ಟಬೇಡಿ" ಅಳಿಸಿ ಇದನ್ನು ಬರೆಯಿರಿ. ಜೊತೆಗೆ, ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲು ಅಥವಾ ಪೈಪಿನ ನಂಬರು) ಕೈಗೆ ಬರುವ ಪ್ರತಿ ಫಂಕ್ಷನ್ನಿನ ಮೇಲೆ "ಮುಚ್ಚುವವರು ಯಾರು" ಅಂತ ಒಂದು ಸಾಲು. ಮೆಮೊರಿಗೂ ಹಾಗೇ, ಫ್ರೀ ಮಾಡುವವರು ಯಾರು. ಉಳಿದ ಕಾಮೆಂಟು ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು: ಶೆಲ್ ತನಗೆ ಕಂಟ್ರೋಲ್ ಸಿ (ನಿಲ್ಲಿಸು ಅನ್ನುವ ಸಿಗ್ನಲ್) ತಾಗಬಾರದು ಅಂತ ಆ ಸಿಗ್ನಲ್ಲನ್ನು ಇಗ್ನೋರ್ ಮಾಡಿದ್ದರೆ, ಎಕ್ಸೆಕ್ ಆದ ಮೇಲೂ ಮಗುವಿನಲ್ಲಿ ಅದು ಹಾಗೇ ಉಳಿಯುತ್ತದೆ. ಮೊದಲೇ ಡೀಫಾಲ್ಟಿಗೆ ತರಬೇಕು. ಅದಕ್ಕೂ ಒಂದು "ಯಾಕೆ".

ಹಳೇ ಕೀಬೋರ್ಡ್ · ಸೋಮವಾರ, ರಾತ್ರಿ 11:10

ಲೈಟ್‌ಹೌಸ್ ಮಾತಿಗೆ ಪೂರಾ ಸಹಿ. ಆದರೆ ಓದಲು ಸುಲಭ ಮಾಡುತ್ತೇನೆ ಅಂತ ಹೊರಟು ಸಿಯನ್ನೇ ಬೇರೆ ಭಾಷೆ ಮಾಡಬೇಡಿ. ಸ್ಟೀಫನ್ ಬೋರ್ನ್ ಬರೆದ ಶೆಲ್ 1979ರ ಏಳನೇ ಯುನಿಕ್ಸ್ ಜೊತೆ ಬಂತು. ಅವರಿಗೆ ಆಲ್ಗಾಲ್ 68 ಅನ್ನುವ ಭಾಷೆ ಇಷ್ಟ. ಮ್ಯಾಕ್ರೋ ಹಾಕಿ ಸಿಯನ್ನು ಆಲ್ಗಾಲ್ ಹಾಗೆ ಬರೆದರು: ಇಫ್, ದೆನ್, ಕೊನೆಗೆ ಫಿ. ಅವರಿಗೆ ಓದಲು ಸಲೀಸು, ಉಳಿದವರಿಗೆ ತಲೆನೋವು. ಅರ್ಥವಾಗದ ಸಿ ಕೋಡು ಬರೆಯುವ ಅಂತಾರಾಷ್ಟ್ರೀಯ ಸ್ಪರ್ಧೆ 1984ರಲ್ಲಿ ಶುರುವಾಗಲು ಆ ಸೋರ್ಸೂ ಒಂದು ಪ್ರೇರಣೆ. ಶೆಲ್ ಮಾತ್ರ ಬಹಳ ಗಟ್ಟಿ ಶೆಲ್, ಅದನ್ನೂ ಹೇಳಬೇಕು.

ಗೋಳಿಬಜೆ · ಮಂಗಳವಾರ, ಬೆಳಿಗ್ಗೆ 7:30

ಮೈನ್ ಫೈಲು ಯಕ್ಷಗಾನದ ಭಾಗವತರ ಹಾಗಿರಲಿ. ಅವರು ಕುಣಿಯುವುದಿಲ್ಲ, ಕುಣಿಸುತ್ತಾರೆ. ಯಾರು ಯಾವಾಗ ರಂಗಕ್ಕೆ ಬರಬೇಕು ಅಂತ ಅವರಿಗೆ ಗೊತ್ತು, ಅಷ್ಟೇ. ನಿಮ್ಮ ಮೈನ್ ಈಗ ವೇಷ ಕಟ್ಟಿಕೊಂಡು ಚೆಂಡೆಯನ್ನೂ ತಾನೇ ಬಡಿಯುತ್ತಿದೆ.

(ತಮಾಷೆಯಲ್ಲ, ಈ ಸಲ ಗಂಭೀರವಾಗಿಯೇ ಹೇಳಿದ್ದು.)

ಕಾಪು ಕಿನಾರೆ · ಮಂಗಳವಾರ, ರಾತ್ರಿ 8:20

ಕನ್ನಡವಾ ಇಂಗ್ಲಿಷಾ ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಅಭಿಪ್ರಾಯ: ಟೂರ್ ಮತ್ತು ಹೆಲ್ಪ್ ಕನ್ನಡದಲ್ಲಿರಲಿ. ಬಿಜೈಗೆ ಬಂದ ಹುಡುಗನಿಗೆ ಮೊದಲು ಬೇಕಾದದ್ದು ಅದೇ. ಕೋಡಿನೊಳಗಿನ "ಯಾಕೆ" ಇಂಗ್ಲಿಷಿನಲ್ಲಿರಲಿ, ಹೊರಗಿನವರೂ ಪ್ಯಾಚ್ ಕಳಿಸಬೇಕಲ್ಲ.

ಅದಕ್ಕಿಂತ ನನಗೆ ಕಾಡುವುದು ಬೇರೆ. ನಿಮ್ಮ ಶೆಲ್ಲಿನಲ್ಲಿ ಕನ್ನಡ ಟೈಪ್ ಮಾಡಿ ನೋಡಿದ್ದೀರಾ? ನಾನು ನಿನ್ನೆ ಮಾಡಿದೆ. "ಮಂಗಳೂರು" ಅಂತ ಬರೆದು ಬ್ಯಾಕ್‌ಸ್ಪೇಸ್ ಒತ್ತಿದೆ. ಕೊನೆಯ "ರು" ಹೋಗುವ ಬದಲು ಒಂದು ಚೌಕದ ಗೊಂಬೆ ಬಂತು. ಇನ್ನೊಮ್ಮೆ ಒತ್ತಿದೆ, ಪ್ರಾಂಪ್ಟಿನ ತುದಿಯನ್ನೇ ತಿಂದಿತು.

ಲೆಕ್ಕ ಹಾಕಿ. ನಮ್ಮ ಕಣ್ಣಿಗೆ ಮಂಗಳೂರು ಅಂದರೆ 4 ಅಕ್ಷರ: ಮಂ, ಗ, ಳೂ, ರು. ಯೂನಿಕೋಡಿನಲ್ಲಿ 7 ಸಂಕೇತ, ಯಾಕೆಂದರೆ ಅನುಸ್ವಾರ, ದೀರ್ಘದ ಗುಣಿತ, ಉಕಾರ ಎಲ್ಲ ಬೇರೆ ಬೇರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಒಟ್ಟು 21. ನಿಮ್ಮ ಲೈನ್ ಎಡಿಟರ್ ಒಂದು ಬೈಟು ಅಳಿಸಿ "ಆಯಿತು" ಅನ್ನುತ್ತದೆ. ಪರದೆಯ ಮೇಲೆ ಎಷ್ಟು ಅಗಲ ಅನ್ನುವುದು ಈ ಮೂರರಲ್ಲಿ ಯಾವುದೂ ಅಲ್ಲದಿರಬಹುದು, ಟರ್ಮಿನಲ್ ಹೇಗೆ ಬಿಡಿಸುತ್ತದೋ ಹಾಗೆ.

ಸರಿಮಾಡಲು ಸಮಯ ಬೇಕು, ಗೊತ್ತು. ಅಲ್ಲಿಯವರೆಗೆ ಆ ಫೈಲಿನ ತಲೆಯಲ್ಲಿ "ಉದ್ದ ಅಂದರೆ ಇಲ್ಲಿ ಬೈಟು" ಅಂತಾದರೂ ಬರೆಯಿರಿ. ವೇರಿಯಬಲ್ಲಿಗೆ ಬರೀ ಲೆನ್ ಅಂತ ಹೆಸರಿಡಬೇಡಿ, ಬೈಟಾ ಸಂಕೇತವಾ ಕಾಲಮ್ಮಾ ಅಂತ ಹೆಸರಲ್ಲೇ ಹೇಳಿ.

ಮಣಿಪಾಲ ಮಳೆ · ಮಂಗಳವಾರ, ರಾತ್ರಿ 9:05

ಕಾಪು ಹೇಳಿದ ಹಾಗೆ ಅಳತೆ ಯಾವುದು ಅಂತ ಬರೆಯುವುದರ ಜೊತೆಗೆ, ಮಾಲು ಎಲ್ಲಿಂದ ಬರುತ್ತದೆ ಅಂತಲೂ ಬರೆಯಿರಿ. ಪಾರ್ಸರ್ ಫೈಲಿನ ಮೇಲೆ: ನನ್ನನ್ನು ಕರೆಯುವವರು ಯಾರ್‍ಯಾರು. 2014ರ ಶೆಲ್‌ಶಾಕ್ ನೆನಪಿದೆಯಲ್ಲ. ಬ್ಯಾಷ್ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಿಂದ ಫಂಕ್ಷನ್ ತೆಗೆದುಕೊಳ್ಳುವಾಗ ಅದನ್ನು ಪಾರ್ಸರಿಗೆ ಕೊಡುತ್ತಿತ್ತು. ಫಂಕ್ಷನ್ ಮುಗಿದ ಮೇಲೆ ಬಾಲದಲ್ಲಿದ್ದದ್ದನ್ನೂ ಓಡಿಸಿಬಿಡುತ್ತಿತ್ತು. 1989ರಿಂದ ಅಲ್ಲೇ ಇದ್ದ ತಪ್ಪು. ಕೀಬೋರ್ಡಿನಿಂದ ಬಂದದ್ದಕ್ಕೂ ಹೊರಗಿನವರು ಕಳಿಸಿದ್ದಕ್ಕೂ ಒಂದೇ ಬಾಗಿಲಾದರೆ ಹೀಗೆ.

ನಂತೂರು ಸರ್ಕಲ್ · ಹನ್ನೊಂದು ದಿನದ ನಂತರ, ಶನಿವಾರ, ರಾತ್ರಿ 11:50

ವರದಿ ಒಪ್ಪಿಸುತ್ತೇನೆ. ಮಧ್ಯೆ ಎರಡು ದಿನ ಕರೆಂಟೇ ಇರಲಿಲ್ಲ.

ಮೊದಲು ಟೆಸ್ಟ್ ಬರೆದೆವು. ಒಂದೇ ಸಾಲನ್ನು ನಮ್ಮ ಶೆಲ್ಲಿಗೂ ಡ್ಯಾಷ್‌ಗೂ ಕೊಟ್ಟು ಔಟ್‌ಪುಟ್ ಮತ್ತು ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಸಿಗುವ ನಂಬರು) ಹೋಲಿಸುವುದು. ಕಮಾಂಡ್ ಸಿಗದಿದ್ದರೆ 127, ಸಿಕ್ಕಿದರೂ ಓಡಿಸಲಾಗದಿದ್ದರೆ 126. ನಾವು ಎರಡಕ್ಕೂ 1 ಕೊಡುತ್ತಿದ್ದೆವು, ನಾಲ್ಕು ವರ್ಷದಿಂದ!

ಆಮೇಲೆ ಸಾಗಾಟ. ಸಾಗಿಸುವ ಕಮಿಟ್ಟಿನಲ್ಲಿ (ಗಿಟ್‌ನಲ್ಲಿ ಒಮ್ಮೆಗೆ ದಾಖಲಿಸುವ ಬದಲಾವಣೆ) ಒಂದಕ್ಷರ ತಿದ್ದುವಂತಿಲ್ಲ, ತಿದ್ದುವ ಕಮಿಟ್ಟಿನಲ್ಲಿ ಒಂದು ಸಾಲು ಸಾಗಿಸುವಂತಿಲ್ಲ ಅಂತ ನಿಯಮ ಮಾಡಿದೆವು. ಮೊದಲ ದಿನವೇ ನಾನೇ ಮುರಿದೆ. ಹುಡುಗ ಹಿಡಿದ. ಈಗ 9 ಫೈಲು, ಬಿಲ್ಟಿನ್ಸ್ ಫೋಲ್ಡರ್ ಬೇರೆ. ಮೈನ್ 180 ಸಾಲು. ಭಾಗವತರು ಕೂತಿದ್ದಾರೆ. ಯುಟಿಲ್ಸ್ ಇಲ್ಲ. ಹಿಸ್ಟರಿ ಎಲ್ಲಿ ನೋಡಿದರೂ ಮೊದಲಿನ ಲೇಖಕರೇ ಕಾಣಲಿ ಅಂತ ಗಿಟ್ ಬ್ಲೇಮ್‌ಗೆ (ಯಾವ ಸಾಲು ಯಾರದ್ದು ಅಂತ ತೋರಿಸುವ ಕಮಾಂಡ್) -C ಆಪ್ಷನ್ ಕೊಟ್ಟು ಬೇರೆ ಫೈಲಿನಿಂದ ಸಾಗಿಬಂದ ಸಾಲುಗಳ ಮೂಲ ಹುಡುಕಲು ಹೇಳಿದ್ದೇವೆ.

ಟೂರ್ ಮೂರು ಪುಟ, ಕನ್ನಡದಲ್ಲಿ. ಕೊನೆಯ ಸಲ ಕೋಡಿನ ಜೊತೆ ಹೋಲಿಸಿ ನೋಡಿದ ದಿನಾಂಕ ತಲೆಯ ಮೇಲೇ ಉಂಟು. ಬ್ಯಾಕ್‌ಸ್ಪೇಸ್ ಇನ್ನೂ ಹಾಗೇ ಇದೆ ಕಾಪು ಅಣ್ಣ, ಬೈಟು ಅಂತ ಬರೆದಿಟ್ಟಿದ್ದೇನೆ.

ಈಗ ಸಿಕ್ಕಿಹಾಕಿಕೊಂಡದ್ದು ಹಿಯರ್ ಡಾಕ್ಯುಮೆಂಟಿನಲ್ಲಿ. << ಹಾಕಿ ಕೆಳಗೆ ನಾಲ್ಕು ಸಾಲು ಕೊಡುತ್ತೇವಲ್ಲ, ಅದು. ಪಾರ್ಸರಿನದ್ದಾ, ರೀಡೈರೆಕ್ಷನ್ನಿನದ್ದಾ? ಇವತ್ತು ಇದರ ಮೇಲೆ ಮೂರು ಪ್ಲೇಟ್ ಬನ್ಸ್ ಖಾಲಿಯಾಯಿತು.

ಹಳೇ ಕೀಬೋರ್ಡ್ · ಭಾನುವಾರ, ಬೆಳಿಗ್ಗೆ 6:20

ಇಬ್ಬರದ್ದೂ. ಮೂರನೆಯವರದ್ದೂ. ಆ ನಾಲ್ಕು ಸಾಲನ್ನು ಓದಿಟ್ಟುಕೊಳ್ಳುವುದು ಪಾರ್ಸರ್, ಯಾಕೆಂದರೆ ಸಾಲು ಮುಗಿದ ಕೂಡಲೇ ಓದದಿದ್ದರೆ ಅವು ಕಮಾಂಡುಗಳಾಗಿ ಓಡುತ್ತವೆ. ಒಳಗಿನ ಡಾಲರ್ ಬಿಡಿಸುವುದು ಎಕ್ಸ್‌ಪ್ಯಾಂಡ್, ಅದೂ ಓಡಿಸುವ ಹೊತ್ತಿಗೆ. ಗಡಿಯ ಪದಕ್ಕೆ (ಆ ಸಾಲುಗಳು ಎಲ್ಲಿ ಮುಗಿದವು ಅಂತ ತೋರಿಸುವ ಪದ) ಉದ್ಧರಣ ಚಿಹ್ನೆ ಹಾಕಿದ್ದರೆ ಬಿಡಿಸುವ ಹಾಗಿಲ್ಲ. ಕೊನೆಗೆ ಕಮಾಂಡಿನ ಕೈಗೆ ಕೊಡುವುದು ರೀಡೈರೆಕ್ಷನ್.

ಟೂರ್‌ನಲ್ಲಿ ಇದಕ್ಕೊಂದು ಪ್ಯಾರಾ ಬೇಕು. ಪೈಪಿನಲ್ಲಿ ಕೊಡುತ್ತೀರಾದರೆ ಜಾಗ್ರತೆ. ಲಿನಕ್ಸಿನಲ್ಲಿ ಪೈಪು ಸಾಮಾನ್ಯವಾಗಿ ಹಿಡಿಯುವುದು 65,536 ಬೈಟು. ಅದಕ್ಕಿಂತ ಜಾಸ್ತಿ ಸುರಿದರೆ ಓದುವವನು ಹುಟ್ಟುವ ಮೊದಲೇ ಶೆಲ್ ಬರೆಯುತ್ತಾ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಷ್ 5.1ರಿಂದ ಚಿಕ್ಕದಾದರೆ ಪೈಪು, ದೊಡ್ಡದಾದರೆ ತಾತ್ಕಾಲಿಕ ಫೈಲು.

ನಂತೂರು ಸರ್ಕಲ್ · ಭಾನುವಾರ, ಬೆಳಿಗ್ಗೆ 9:15

ಈಗಷ್ಟೇ 70,000 ಬೈಟು ಕೊಟ್ಟು ನೋಡಿದೆ ಸರ್. ಸಿಕ್ಕಿಹಾಕಿಕೊಂಡಿತು. ಹುಡುಗ ಹತ್ತು ಗಂಟೆಗೆ ಬರುತ್ತಾನೆ, ಟೆಸ್ಟ್ ಅವನೇ ಬರೆಯಲಿ.